ಮಾವನ ಜೊತೆ ಒಂದು ದಿನ, 1650 ಕಿಲೋಮೀಟರ್

ನನ್ನ ಸೋದರಮಾವ ಬೆಂಗಳೂರು–ಪುಣೆ ರಸ್ತೆಯಲ್ಲಿ ಇಪ್ಪತ್ತೆರಡು ವರ್ಷ ಲಾರಿ ಓಡಿಸಿದವರು. ದೂರದ ಬೈಕ್ ಸವಾರಿಗೆ ಸರ್ಟಿಫಿಕೇಟ್ ಕೊಡುವ ಅಮೆರಿಕದ ಐರನ್ ಬಟ್ ಅಸೋಸಿಯೇಷನ್‌ನವರ ಸ್ಯಾಡಲ್‌ಸೋರ್ 1000 ಮಾಡೋಣ ಅಂದಾಗ ಅವರು ಕೇಳಿದ್ದು ಒಂದೇ: "ಎಲ್ಲೆಲ್ಲಿ ನಿಲ್ತೀಯಾ ಅಳಿಯ?"

24 ಗಂಟೆಯೊಳಗೆ 1000 ಮೈಲಿ, ಅಂದರೆ ಸುಮಾರು 1610 ಕಿ.ಮೀ. ಬೈಕ್ ಓಡಿಸಬೇಕು. ಗಂಟೆಗೆ 67 ಬಂದರೆ ಸಾಕಲ್ವಾ ಅಂತ ನಾನಿದ್ದೆ. ಮಾವ ಹಾಳೆ ತಗೊಂಡು ಬರೆದು ತೋರಿಸಿದರು. ಐದು ಸಲ ನಿಂತು, ಪ್ರತಿ ಸಲ 40 ನಿಮಿಷ ಕಳೆದರೆ ಆ 67 ಹೋಗಿ 78 ಆಗುತ್ತದೆ. ರಾತ್ರಿ ಹೊತ್ತು ಅಷ್ಟು ಬರಲ್ಲ. ಹಾಗಾಗಿ ನಿಂತರೆ 15 ನಿಮಿಷ ಅಂತ ತೀರ್ಮಾನ ಮಾಡಿದೆವು. ಪೆಟ್ರೋಲ್, ನೀರು, ಬಾಳೆಹಣ್ಣು, ಮುಂದಕ್ಕೆ.

ನನ್ನ ಬೈಕ್ ಹಿಮಾಲಯನ್, ಅವರದು ಡೋಮಿನಾರ್. ಡೋಮಿನಾರ್ ಟ್ಯಾಂಕ್ 13 ಲೀಟರ್. ಚಿಕ್ಕ ಟ್ಯಾಂಕ್ ಹೇಳಿದಂತೆ ಇಬ್ಬರೂ ನಡೀಬೇಕು. ಅದಕ್ಕೇ ರಾಣೆಬೆನ್ನೂರು, ನಿಪ್ಪಾಣಿ, ಪುಣೆ. ವಾಪಸ್ ಬರುವಾಗಲೂ ಅವೇ ಊರುಗಳು. ಬೈಕಿನ ಮೀಟರ್ ಸ್ವಲ್ಪ ಜಾಸ್ತಿ ತೋರಿಸುತ್ತದೆ, ಅದನ್ನು ನಂಬಿ 1610ಕ್ಕೇ ನಿಲ್ಲಿಸಬಾರದು. ಪುಣೆ ದಾಟಿ ದೇಹು ರೋಡ್‌ವರೆಗೆ ಹೋದರೆ 1650 ದಾಟುತ್ತದೆ.

ಎಲ್ಲದಕ್ಕೂ ಪುರಾವೆ ಬಂಕಿನ ಬಿಲ್ಲು, 24 ಗಂಟೆಯ ಲೆಕ್ಕ ಶುರುವಾಗೋದೂ ಮೊದಲ ಬಿಲ್ಲಿನ ಟೈಮಿನಿಂದಲೇ. ನೆಲಮಂಗಲದಲ್ಲಿ ಬೆಳಗಿನ ಜಾವ ಟ್ಯಾಂಕ್ ತುಂಬಿಸಿ ಹೊರಟೇಬಿಟ್ಟಿದ್ದೆ. ಮಾವ ಕೈ ಅಡ್ಡ ಹಾಕಿದರು. ಟಾರ್ಚ್ ಹಿಡಿದು ನೋಡಿದರೆ ಬಿಲ್ಲಿನಲ್ಲಿ ಟೈಮ್ 40 ನಿಮಿಷ ಹಿಂದೆ ಇತ್ತು. ಹಾಗೇ ಹೋಗಿದ್ದರೆ ಓಡದೇನೇ 40 ನಿಮಿಷ ಕಳಕೊಂಡ ಹಾಗೆ. ಪಕ್ಕದ ಬಂಕಿಗೆ ಹೋಗಿ ಐವತ್ತು ರೂಪಾಯಿಗೆ ಹಾಕಿಸಿ ಹೊಸ ಬಿಲ್ಲು ತಗೊಂಡೆವು: 4:07. ಆ ಕಾಗದ ಬಿಸಿಲಿಗೆ, ಬೆವರಿಗೆ ಮಾಸಿಹೋಗುತ್ತದೆ. ಅದಕ್ಕೆ ಬಿಲ್ಲು, ಮೀಟರ್ ಎರಡನ್ನೂ ಅಲ್ಲೇ ಫೋಟೋ ತೆಗೆಯಬೇಕು. ಮಾವ ಬಿಲ್ಲುಗಳನ್ನೆಲ್ಲ ಲಾರಿ ಕಾಲದ ರೆಕ್ಸಿನ್ ಚೀಲದಲ್ಲಿ ಇಟ್ಟುಕೊಂಡರು.

ಹೋಗುವಾಗ ಹೇಳುವಂಥದ್ದು ಏನೂ ಆಗಲಿಲ್ಲ. ಬರುವಾಗ ಖಂಬಾಟ್ಕಿ ಘಾಟ್ ಹತ್ತುವಷ್ಟರಲ್ಲಿ ಬೆನ್ನು ಹಿಡಿದಿತ್ತು, ಅಷ್ಟೇ.

ಕಷ್ಟ ಆಗಿದ್ದು ಚಿತ್ರದುರ್ಗ ದಾಟಿದ ಮೇಲೆ. ರಾತ್ರಿ ಒಂದು ಗಂಟೆ. ಕಣ್ಣು ತೆರೆದೇ ಇತ್ತು, ಆದರೆ ಹಿಂದಿನ ಎರಡು ಮೂರು ಕಿಲೋಮೀಟರ್ ನೆನಪೇ ಇಲ್ಲ. ಬೈಕ್ ಬಿಳಿ ಗೆರೆ ಕಡೆ ವಾಲುತ್ತಿತ್ತಂತೆ. ಮಾವ ಪಕ್ಕಕ್ಕೆ ಬಂದು ಹಾರ್ನ್ ಹೊಡೆದು, ಎಡಗಡೆ ಇಂಡಿಕೇಟರ್ ಹಾಕಿದರು.

"ಇನ್ನು ನೂರಮೂವತ್ತು ಇದೆ ಮಾವ, ಹೋಗ್ಬಿಡೋಣ."

"ಸರ್ಟಿಫಿಕೇಟ್ ಮುಂದಿನ ವರ್ಷನೂ ಸಿಗುತ್ತೆ. ಮಲಗು."

ಬಂಕಿನಲ್ಲಿ ಗಾಳಿ ಹಾಕೋ ಮೆಷಿನ್ ಪಕ್ಕದ ಸಿಮೆಂಟ್ ಕಟ್ಟೆ ಮೇಲೆ ಹೆಲ್ಮೆಟ್ಟನ್ನೇ ದಿಂಬು ಮಾಡಿಕೊಂಡು ಇಪ್ಪತ್ತು ನಿಮಿಷ ಮಲಗಿದೆ. ನಿದ್ದೆ ಬಂದಾಗ ಚಹಾ ಕುಡಿದು ಮುಂದೆ ಹೋದ ಎಷ್ಟೋ ಡ್ರೈವರ್‌ಗಳನ್ನು ಮಾವ ನೋಡಿದ್ದಾರೆ. ಅವರ ಪ್ರಕಾರ ನಿದ್ದೆಗೆ ನಿದ್ದೆಯೇ ಮದ್ದು. ಎದ್ದು ನೋಡಿದಾಗ ಅವರು ನನ್ನ ಬೈಕಿನ ಚೈನಿಗೆ ಎಣ್ಣೆ ಬಿಡುತ್ತಾ ಕೂತಿದ್ದರು.

ಆ ನಿಲುಗಡೆಗೆ ಜಾಗ ಸಿಕ್ಕಿದ್ದು ಹಗಲು ಉಳಿಸಿದ್ದ ನಿಮಿಷಗಳಿಂದ. ನೆಲಮಂಗಲದ ಕೊನೇ ಬಿಲ್ಲಿನಲ್ಲಿ 3:18 ಇತ್ತು. ಮಾವ ಮೊದಲು ತಮ್ಮ ವಾಚ್ ನೋಡಿದರು, ಆಮೇಲೆ ಬಿಲ್ಲು ನೋಡಿದರು. ಅದನ್ನು ಚೀಲಕ್ಕೆ ಹಾಕಿ ಅತ್ತೆಗೆ ಫೋನ್ ಮಾಡಿದರು. "ಬಂದ್ವಿ. ಇಬ್ರೂ."