‘ಫಾಸ್ಟ್’ ಒಂದೇ ಸಾಲದು
ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳ ಹೆತ್ತವರಿಗೆ ಒಂದು ಸಲಹೆ. ಚುರುಕುತನ, ಚಲನೆ ಬಂದಲ್ಲೆಲ್ಲ ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ‘ಫಾಸ್ಟ್’ ಒಂದನ್ನೇ ಬರೆಯುತ್ತಾರೆ. ಪಟ್ಟಿ ಬಾಯಿಪಾಠ ಮಾಡಿಸಬೇಡಿ, ಕಣ್ಣಾರೆ ಕಂಡದ್ದಕ್ಕೆ ಪದ ಜೋಡಿಸಿ.

ತೆಂಕುತಿಟ್ಟಿನ ಯಕ್ಷಗಾನದ ಆಟಕ್ಕೆ ಕರೆದುಕೊಂಡು ಹೋಗಿ. ಧೀಂಗಿಣ (ಹಾರಿ ಹಾರಿ ಸುತ್ತುವ ಕುಣಿತ) ಹೊಡೆಯುವ ವೇಷದ ದಣಿಯದ ಹುರುಪು ‘ಎನರ್ಜೆಟಿಕ್’. ಗಾಳಿಯಲ್ಲೇ ಮೈ ತಿರುಗಿಸಿ ಸಲೀಸಾಗಿ ನೆಲಕ್ಕಿಳಿಯುವ ಮೈ ‘ಅಜೈಲ್’. ಸ್ತ್ರೀವೇಷದ ಲಾಲಿತ್ಯ ‘ಗ್ರೇಸ್‌ಫುಲ್’. ಮನೆಯಲ್ಲಿ ಬೀಡಿ ಸುತ್ತುವ ಅಜ್ಜಿಯ ಬೆರಳು ‘ನಿಂಬಲ್’. ಎಷ್ಟು ಚಂದದ ಪದ, ಬೆರಳು ಪಾದಗಳಿಗೆ ಚೆನ್ನಾಗಿ ಒಪ್ಪುತ್ತದೆ. ರೈಲು ತಪ್ಪೀತೆಂದು ಹಾಕುವ ಬಿರುಸು ಹೆಜ್ಜೆ ‘ಬ್ರಿಸ್ಕ್’. ಬೇಸಿಗೆಯ ಚಂದ್ರಗಿರಿ ಹೊಳೆ ‘ಸ್ಲಗ್ಗಿಶ್’.

ಒಂದು ಎಚ್ಚರ: ‘ಎನರ್ಜೆಟಿಕ್ ಡ್ಯಾನ್ಸರ್’ ಸರಿ, ಆದರೆ ‘ಡ್ಯಾನ್ಸ್ಡ್’ ಆದಮೇಲೆ ‘ಎನರ್ಜೆಟಿಕಲಿ’ ಎಂದೇ ಬರೆಯಬೇಕು.