ಅಡ್ಡ ವಿದ್ಯುತ್ ಕ್ಷೇತ್ರದಲ್ಲಿ ಕಾರ್ಬನ್ ನ್ಯಾನೊಟ್ಯೂಬಿನ ನಾನ್‌ಲೀನಿಯರ್ ಗುಣ ಲೆಕ್ಕ ಹಾಕುವುದು ಹೇಗೆ

ನ್ಯಾನೊಟ್ಯೂಬ್ ಅಂದರೆ ಒಂದು ಪರಮಾಣು ದಪ್ಪದ ಕಾರ್ಬನ್ ಹಾಳೆಯನ್ನು ಸುತ್ತಿದಂಥ ಕೊಳವೆ; ಸುತ್ತಿದ ಬಗೆಯನ್ನು ಎರಡು ಅಂಕಿಗಳಲ್ಲಿ ಹೇಳುತ್ತಾರೆ. (10,0) ಟ್ಯೂಬಿನಿಂದ ಶುರುಮಾಡಿ. ಯೂನಿಟ್ ಸೆಲ್‌ನಲ್ಲಿ (ಉದ್ದಕ್ಕೂ ಮರುಕಳಿಸುವ ಚಿಕ್ಕ ತುಂಡು) 40 ಪರಮಾಣುಗಳಷ್ಟೇ. ಸೆಮಿಕಂಡಕ್ಟರ್ ಆದ್ದರಿಂದ ಫರ್ಮಿ ಮಟ್ಟದ (ಎಲೆಕ್ಟ್ರಾನ್‌ಗಳು ಯಾವ ಶಕ್ತಿಯವರೆಗೆ ತುಂಬಿವೆ ಎಂಬ ಗಡಿ) ತಲೆನೋವೂ ಇಲ್ಲ. (10,0)ನಂಥ ಝಿಗ್‌ಜ್ಯಾಗ್ ಟ್ಯೂಬಿಗೆ ಇನ್ವರ್ಶನ್ ಸಿಮೆಟ್ರಿ (ಪ್ರತಿ ಪರಮಾಣುವನ್ನು ಕೇಂದ್ರದ ಎದುರು ಬದಿಗೆ ಒಯ್ದರೂ ಅದೇ ರೂಪ) ಇರುವುದರಿಂದ ಎರಡನೇ ದರ್ಜೆಯ ಪರಿಣಾಮ ಸೊನ್ನೆ. ಹಾಗಾಗಿ ಹುಡುಕಬೇಕಾದ್ದು ಮೂರನೇ ದರ್ಜೆಯದ್ದು: ಸ್ಥಿರ ಕ್ಷೇತ್ರ ಕೊಟ್ಟಾಗ ಲೀನಿಯರ್ ಸಸೆಪ್ಟಿಬಿಲಿಟಿ (ಬೆಳಕಿನ ಕ್ಷೇತ್ರಕ್ಕೆ ಟ್ಯೂಬ್ ಸ್ಪಂದಿಸುವ ಅಳತೆ) ಎಷ್ಟು ಬದಲಾಗುತ್ತದೆ ಎಂಬುದರಿಂದ ಅದು ಸಿಗುತ್ತದೆ.

ಪರಮಾಣುಗಳನ್ನು ಹತ್ತತ್ತರ ನಾಲ್ಕು ಉಂಗುರಗಳಲ್ಲಿ ಇಡಿ. ಎತ್ತರ 0, 0.071, 0.213, 0.284 ನ್ಯಾನೊಮೀಟರ್, ಸೆಲ್ ಉದ್ದ 0.426. ತ್ರಿಜ್ಯ 0.39. ಒಂದೇ ಉಂಗುರದಲ್ಲಿ ಪರಮಾಣುಗಳ ನಡುವೆ 36 ಡಿಗ್ರಿ. ನಡುವಿನ ಎರಡು ಉಂಗುರಗಳನ್ನು 18 ಡಿಗ್ರಿ ತಿರುಗಿಸಿ. ಹಾಪಿಂಗ್ (ಪರಮಾಣುವಿನಿಂದ ಪರಮಾಣುವಿಗೆ ಎಲೆಕ್ಟ್ರಾನ್ ಜಿಗಿತಕ್ಕೆ ಸೇರಿದ ಶಕ್ತಿ) ಮೈನಸ್ 2.7 ಇವಿ (ಎಲೆಕ್ಟ್ರಾನ್‌ವೋಲ್ಟ್), ಪಕ್ಕದ ಪರಮಾಣುಗಳಿಗೆ ಮಾತ್ರ. ಕ್ಷೇತ್ರ ಹಾಕುವ ಮೊದಲು ಗ್ಯಾಪ್ (ತುಂಬಿದ ಮತ್ತು ಖಾಲಿ ಬ್ಯಾಂಡ್‌ಗಳ ನಡುವಿನ ಶಕ್ತಿಯ ಅಂತರ) ನೋಡಿ: 0.95 ಇವಿ ಬರಬೇಕು, ಮುಂದಿನ ಸಬ್‌ಬ್ಯಾಂಡ್ ಜೋಡಿಗೆ 2.06. ಬರದಿದ್ದರೆ ಯಾವುದೋ ಬಂಧ ತಪ್ಪಿದೆ.

ಸಸೆಪ್ಟಿಬಿಲಿಟಿ ಲೆಕ್ಕಕ್ಕೆ ಎಲೆಕ್ಟ್ರಾನ್‌ನ ವೇಗದ ಮ್ಯಾಟ್ರಿಕ್ಸ್ ಬೇಕು; ಹೆಚ್ಚಿನವರು ಎಡವುವುದು ಅಲ್ಲೇ. ಹ್ಯಾಮಿಲ್ಟೋನಿಯನ್‌ನ (ಎಲೆಕ್ಟ್ರಾನ್ ಶಕ್ತಿಯ ಮ್ಯಾಟ್ರಿಕ್ಸ್) ಫೇಸ್‌ನಲ್ಲಿ ಸೆಲ್‌ಗಳ ಅಂತರವನ್ನಷ್ಟೇ ಹಾಕಿದರೆ ಬ್ಯಾಂಡ್‌ಗಳು ಸರಿಯಾಗಿಯೇ ಬರುತ್ತವೆ, ಆದರೆ ಅದರ ಡೆರಿವೇಟಿವ್‌ನಿಂದ ಸೆಲ್ ಒಳಗಿನ ಬಂಧಗಳ ಪಾಲು ಬಿಟ್ಟುಹೋಗುತ್ತದೆ. ಪರಮಾಣುಗಳ ನಿಜವಾದ ಎತ್ತರದ ವ್ಯತ್ಯಾಸವನ್ನೇ ಫೇಸ್‌ಗೆ ಹಾಕಿ. ಬಳಿಕ ವೇಗವನ್ನು ಪರಿವರ್ತನೆಯ ಆವರ್ತನದಿಂದ ಭಾಗಿಸಿ ಸ್ಥಾನದ ಮ್ಯಾಟ್ರಿಕ್ಸ್ ಮಾಡಿಕೊಂಡರೆ ಸೊನ್ನೆ ಆವರ್ತನದ ಹತ್ತಿರ ಸುಳ್ಳು ಏರಿಕೆ ಕಾಣಿಸುವುದಿಲ್ಲ.

ಈಗ ಹ್ಯಾಮಿಲ್ಟೋನಿಯನ್‌ನಲ್ಲಿ ಪ್ರತಿ ಪರಮಾಣುವಿನ ಡಯಾಗನಲ್‌ಗೆ ಕ್ಷೇತ್ರ, ತ್ರಿಜ್ಯ, ಕೋನದ ಕೊಸೈನ್ ಇವುಗಳ ಗುಣಲಬ್ಧ ಸೇರಿಸಿ. ನ್ಯಾನೊಮೀಟರ್‌ಗೆ 0.1 ವೋಲ್ಟ್ ಅಂದರೆ ಗರಿಷ್ಠ 0.039 ಇವಿ. ಗ್ಯಾಪ್ ಹತ್ತಾರು ಮಿಲಿ-ಇವಿ ಜಾರಿದರೆ ಯೂನಿಟ್ ಪರಿವರ್ತನೆ ಹುಡುಕಿ. ಕ್ಷೇತ್ರಕ್ಕೆ 0.02ರಿಂದ 0.1ರವರೆಗೆ ಐದು ಮೌಲ್ಯ, ಪ್ಲಸ್ ಮತ್ತು ಮೈನಸ್ ಎರಡೂ. ಎರಡರ ಉತ್ತರ ಒಂದೇ ಇರಬೇಕು. ಸಸೆಪ್ಟಿಬಿಲಿಟಿಯ ಬದಲಾವಣೆಯನ್ನು ಕ್ಷೇತ್ರದ ವರ್ಗದ ಎದುರು ಗ್ರಾಫ್ ಮಾಡಿ. ಸರಳರೇಖೆಯ ಇಳಿಜಾರನ್ನು 3ರಿಂದ ಭಾಗಿಸಿದ್ದೇ ಬೇಕಾದ ಮೂರನೇ ದರ್ಜೆಯ ಸಂಖ್ಯೆ. 1000 ಕೆ-ಬಿಂದು (ಲೆಕ್ಕ ಹಾಕುವ ತರಂಗ ಸಂಖ್ಯೆಗಳು), 50 ಮಿಲಿ-ಇವಿ ಬ್ರಾಡನಿಂಗ್ (ಶಿಖರಗಳಿಗೆ ಕೊಡುವ ಅಗಲ) ಸಾಕು. ಬ್ರಾಡನಿಂಗ್ ಬದಲಿಸಿದರೆ ಶಿಖರದ ಎತ್ತರ ವಿಪರೀತ ಬದಲಾಗುತ್ತದೆ; ಅದನ್ನು ಹೇಳದೆ ಸಂಖ್ಯೆ ಕೊಡಬೇಡಿ.

ಇಲ್ಲಿ ಹಾಕಿದ್ದು ಟ್ಯೂಬಿನ ಒಳಗಿನ ಕ್ಷೇತ್ರ. ಸ್ಕ್ರೀನಿಂಗ್‌ನಿಂದಾಗಿ (ಟ್ಯೂಬಿನ ಎಲೆಕ್ಟ್ರಾನ್‌ಗಳೇ ಕ್ಷೇತ್ರವನ್ನು ತಗ್ಗಿಸುವುದು) ಹೊರಗೆ ಸುಮಾರು ಐದು ಪಟ್ಟು ಬೇಕಾಗುತ್ತದೆ. ಉದ್ದಕ್ಕೆ ಕ್ಷೇತ್ರ ಕೊಡಲು ಈ ವಿಧಾನ ಬಾರದು, ಪೊಟೆನ್ಶಿಯಲ್ ಪೀರಿಯಾಡಿಕ್ ಅಲ್ಲ. ಟ್ಯೂಬನ್ನು ಕತ್ತರಿಸಿ ಲೆಕ್ಕ ಹಾಕಿದರೆ ತುದಿಗಳ ಎಡ್ಜ್ ಸ್ಟೇಟ್‌ಗಳು ಗ್ಯಾಪ್ ನಡುವೆ ಬಂದು ಕೂರುತ್ತವೆ. ಎಕ್ಸಿಟಾನ್ (ಎಲೆಕ್ಟ್ರಾನ್ ಮತ್ತು ಅದು ಬಿಟ್ಟ ಖಾಲಿ ಜಾಗ ಒಂದಕ್ಕೊಂದು ಅಂಟಿದ ಜೋಡಿ) ಇಲ್ಲದ ಲೆಕ್ಕವಿದು, ಆದ್ದರಿಂದ ಶಿಖರಗಳ ಜಾಗವನ್ನು ಪ್ರಯೋಗದ ಸ್ಪೆಕ್ಟ್ರಮ್ ಜೊತೆ ತಾಳೆ ನೋಡಲು ಹೋಗಬೇಡಿ.