ಕ್ಯಾಚರ್ ಎಸೆತ ಅಳೆಯಲು ಫ್ರೇಮ್ ಎಣಿಸಿ

ಬೇಸ್‌ಬಾಲ್‌ನ ಮೈನರ್ ಲೀಗ್ (ಮೇಜರ್ ಲೀಗ್‌ಗಿಂತ ಕೆಳಗಿನ ಹಂತ) ಪಂದ್ಯದಲ್ಲಿ ಎಳೆಯ ಕ್ಯಾಚರ್, ಅಂದರೆ ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವನು, ಎಷ್ಟು ಬೇಗ ಎಸೆಯುತ್ತಾನೆ ಅಂತ ಅಳೆಯಬೇಕಿದ್ದರೆ ಸ್ಟಾಪ್‌ವಾಚ್ ಬೇಡ. ಫೋನಿನಲ್ಲಿ ಸೆಕೆಂಡಿಗೆ 60 ಫ್ರೇಮ್‌ನ ವಿಡಿಯೊ ಮಾಡಿ, ಚೆಂಡು ಅವನ ಗ್ಲೌಸಿಗೆ ಬಡಿದಲ್ಲಿಂದ ಎರಡನೇ ಬೇಸ್‌ನಲ್ಲಿ (ಓಡುವವನು ಮುಟ್ಟಬೇಕಾದ ಗುರುತು) ನಿಂತ ಫೀಲ್ಡರ್‌ನ ಗ್ಲೌಸ್ ಸೇರುವ ತನಕ ಫ್ರೇಮ್ ಎಣಿಸಿ. ಇದೇ ಪಾಪ್ ಟೈಮ್. 120 ಫ್ರೇಮ್ ಅಂದರೆ 2 ಸೆಕೆಂಡು, ಮೇಜರ್ ಲೀಗ್ ಸರಾಸರಿ ಹೆಚ್ಚುಕಡಿಮೆ ಅಷ್ಟೇ. 114 ಬಂದರೆ 1.9, ತುಂಬಾ ಒಳ್ಳೆಯದು. ಈ ಆರು ಫ್ರೇಮಿನಷ್ಟು ತಪ್ಪು ಬಟನ್ ಒತ್ತುವ ಹೆಬ್ಬೆರಳಿನಲ್ಲೇ ಆಗಿಬಿಡುತ್ತದೆ, ಅಲ್ವಾ? ಚೆಂಡು ಕೈ ಬಿಟ್ಟ ಫ್ರೇಮನ್ನೂ ಗುರುತು ಹಾಕಿಕೊಳ್ಳಿ. ಗ್ಲೌಸಿನಿಂದ ತೆಗೆದು ಎಸೆಯಲು ಸುಮಾರು 0.7 ಸೆಕೆಂಡು ಸಾಕು. ಅದಕ್ಕಿಂತ ಜಾಸ್ತಿ ಹಿಡಿದರೆ ತೊಂದರೆ ಕಾಲಿನದ್ದೋ ಚೆಂಡು ತೆಗೆಯುವ ಕೈಯದ್ದೋ ಇರುತ್ತದೆ, ತೋಳಿನದ್ದಲ್ಲ. ಅದನ್ನು ತಿದ್ದಬಹುದು, ಹಾಗಾಗಿ ಅಂಥ ಹುಡುಗನನ್ನು ನಾನಂತೂ ಬೇಗ ಕೈಬಿಡುವುದಿಲ್ಲ. ಇನಿಂಗ್ಸ್ ನಡುವಿನ ಅಭ್ಯಾಸದ ಎಸೆತ ಮಾತ್ರ ಲೆಕ್ಕಕ್ಕೆ ಬೇಡ. ಆಗ ಬ್ಯಾಟರ್ ಇರುವುದಿಲ್ಲ, ಓಡುವವನೂ ಇಲ್ಲ, ಕ್ಯಾಚರ್ ಮೊದಲೇ ಎದ್ದು ಮುಂದೆ ಬಂದಿರುತ್ತಾನೆ. ಚೆಂಡು ನೆಲಕ್ಕೆ ಬಿದ್ದು ಬಂದಾಗ, ಅಥವಾ ಫೀಲ್ಡರ್ ಬೇಸ್ ಬಿಟ್ಟು ಮುಂದೆ ಬಂದು ಹಿಡಿದಾಗಲೂ ಈ ಲೆಕ್ಕ ಕೆಡುತ್ತದೆ. ಓಡುವವನು ಬೇಸ್ ಕದ್ದರೆ, ಅಂದರೆ ಕ್ಯಾಚರ್ ಎಸೆತ ತಲುಪುವ ಮೊದಲೇ ಮುಂದಿನ ಬೇಸ್ ಸೇರಿಬಿಟ್ಟರೆ, ಸುಮ್ನೆ ಕ್ಯಾಚರ್‌ನನ್ನು ದೂರಬೇಡಿ, ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವನು) ನಿಧಾನ ಮಾಡಿದರೆ 1.9 ಇದ್ದರೂ ಸಾಲದು. ಇನ್ನು ನೆಲಕ್ಕೆ ಬಿದ್ದ ಚೆಂಡನ್ನು ಎದೆಕೊಟ್ಟು ತಡೆಯುವುದನ್ನು ಯಾವ ಫ್ರೇಮೂ ಎಣಿಸಿಕೊಡುವುದಿಲ್ಲ. ಅದಕ್ಕೆ ನಾಲ್ಕೈದು ಪಂದ್ಯ ಕೂತು ನೋಡಲೇಬೇಕು.